ಬಂಡಿ ಬಿಟ್ಟಲ್ಲಿ ಊರು

ಕಂಚಿ ಸೀಮೆಯಿಂದ ಹೊರಟ ಬಂಡಿಗಳು ನಂದಿಬೆಟ್ಟದ ಪೂರ್ವಕ್ಕಿರುವ ರಾಮಸ್ವಾಮಿ ಬೆಟ್ಟದ ಬುಡಕ್ಕೆ ಬಂದು ನಿಂತವು. ಬಂಡಿಗಳಲ್ಲಿ ಹೆಂಗಸರು, ಮಕ್ಕಳು, ಬಿತ್ತನೆ ಕಾಳು, ಪಾತ್ರೆ ಪಡಗ, ಹಿಂದೆ ದನಕರು. ಬಂದವರು ಏಳು ಕುಟುಂಬದವರು, ಮೊರಸು ಒಕ್ಕಲಿಗರು. ಅವರ ಹಿರಿಯ ರಣಭೈರೇಗೌಡ. ಆಳುವವನೊಬ್ಬ ಗೌಡನ ಮಗಳನ್ನು ಬಲವಂತವಾಗಿ ಮದುವೆಯಾಗಲು ಹೊರಟಿದ್ದ. ಒಪ್ಪದ ಮನೆಯವರು ರಾತ್ರೋರಾತ್ರಿ ಊರು ಬಿಟ್ಟರು. ಬೆನ್ನಟ್ಟಿ ಬಂದವರು ಸಮೀಪಿಸುವಾಗ ಎದುರಿಗೆ ತುಂಬಿದ ಹೊಳೆ. ಹುಡುಗಿ ಕಿವಿಯ ಓಲೆ ಬಿಚ್ಚಿ ಗಂಗೆಗೆ ಅರ್ಪಿಸಿದಳು, ಹೊಳೆ ಇಬ್ಭಾಗವಾಗಿ ದಾರಿ ಬಿಟ್ಟಿತು ಎಂದು ವಂಶದ ಕಥೆ ಹೇಳುತ್ತದೆ. ಬಿ.ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರ್‌ನಲ್ಲಿ ಈ ಕಥೆಯನ್ನು ದಾಖಲಿಸಿದ್ದಾರೆ. ಹೊಳೆ ಇಬ್ಭಾಗವಾಯಿತೋ ಇಲ್ಲವೋ, ಬಂಡಿಗಳಂತೂ ಬಂದವು. ಮೊರಸು ಒಕ್ಕಲಿಗರಲ್ಲಿ ಬಂಡಿದೇವರ ಪೂಜೆ ಎಂಬುದೊಂದಿದೆ. ತಮ್ಮನ್ನು ಹೊತ್ತು ತಂದ ಬಂಡಿಗೇ ಕೈಮುಗಿಯುವ ಜನ ತಮ್ಮ ವಲಸೆಯನ್ನು ಮರೆತಿಲ್ಲ ಎಂದೇ ನಾನು ಅರ್ಥ ಮಾಡಿಕೊಳ್ಳುತ್ತೇನೆ.

ಬೆಟ್ಟದ ಬುಡದಿಂದ ಅವರು ಆವತಿಗೆ ಬಂದು ನೆಲೆ ನಿಂತರು. ಕಾಡು ಕಡಿದರು, ಹೊಲ ಮಾಡಿದರು, ಕೆರೆ ಕಟ್ಟಿದರು. ಒಂದು ತಲೆಮಾರು ಕಳೆಯುವಷ್ಟರಲ್ಲಿ ಗೌಡಿಕೆ ನಾಡಗೌಡಿಕೆಯಾಗಿ, ವಿಜಯನಗರದ ಆಶ್ರಯದಲ್ಲಿ ನಾಡಪ್ರಭುತ್ವವಾಗಿ ಬೆಳೆಯಿತು. ಬಳಗದ ಜಯಗೌಡ ಯಲಹಂಕಕ್ಕೆ ಹೋದ. ಅವನ ವಂಶದಲ್ಲಿ ಹುಟ್ಟಿದ ಕೆಂಪೇಗೌಡ 1537ರಲ್ಲಿ ಬೆಂಗಳೂರಿನ ಕೋಟೆ ಕಟ್ಟಿದ. ಮಲ್ಲಭೈರೇಗೌಡ 1501ರಲ್ಲಿ ದೇವನಹಳ್ಳಿಯ ಕೋಟೆಗೆ ಅಡಿಪಾಯ ಹಾಕಿದ. ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರಗಳೂ ಈ ಬಳಗದ ಕೈಯಲ್ಲೇ ಬೆಳೆದವು. ಇನ್ನೊಂದು ಕವಲು ವಾಯವ್ಯಕ್ಕೆ, ಬೆಟ್ಟಗುಡ್ಡಗಳ ನಡುವಿನ ಹೊಳವನಹಳ್ಳಿ, ಕೊರಟಗೆರೆಗಳ ಕಡೆ ಬಂತು. ಭೈರವನನ್ನು ಮನೆದೇವರೆಂದು ನಂಬಿದ ವಂಶವಾದ್ದರಿಂದ ತಲೆಮಾರಿನ ಮೇಲೆ ತಲೆಮಾರು ಭೈರೇಗೌಡರೇ. ಕೊರಟಗೆರೆಯವರು ಇವತ್ತಿಗೂ ತಮ್ಮೂರನ್ನು ರಣಭೈರೇಗೌಡನ ಊರು ಎಂದೇ ಹೇಳಿಕೊಳ್ಳುತ್ತಾರೆ. ಬೆಂಗಳೂರಿಗೂ ಕೊರಟಗೆರೆಗೂ ಇರುವ ಈ ದಾಯಾದಿ ಸಂಬಂಧ ಬೆಂಗಳೂರಿನವರಲ್ಲಿ ಎಷ್ಟು ಮಂದಿಗೆ ಗೊತ್ತು?

ಈ ಕವಲಿನ ಮತ್ತು ಅಕ್ಕಪಕ್ಕದ ಪಾಳೆಯಗಾರ ಮನೆತನಗಳ ಮೂಲಮನೆಗಳನ್ನು ನೋಡಬೇಕೆಂದು ಹೊರಟರೆ ತುಮಕೂರಿನಿಂದ ಉತ್ತರಕ್ಕೆ ಹೋಗುವ ರಸ್ತೆಯೇ ಸರಿ. ಬೆಳಿಗ್ಗೆ ಬೇಗ ಹೊರಟರೆ ಕೊರಟಗೆರೆ, ಹೊಳವನಹಳ್ಳಿ ಮುಗಿಸಿ ಬಿಸಿಲೇರುವ ಮೊದಲೇ ಮಧುಗಿರಿ ಬೆಟ್ಟದ ಬುಡ ಸೇರಬಹುದು. ಅಲ್ಲಿಂದ ಬಡವನಹಳ್ಳಿ ಮೇಲೆ ಹಾದು ಸಂಜೆಗೆ ಶಿರಾ. ಪಾವಗಡದ ದಾರಿ ಬೇರೆ. ಮಿಡಿಗೇಶಿ ದಾಟಿ ಉತ್ತರಕ್ಕೆ ಹೋಗುವ ಅದಕ್ಕೆ ಇನ್ನೊಂದು ದಿನ ಇಟ್ಟುಕೊಳ್ಳುವುದೇ ಒಳ್ಳೆಯದು. ಕೊರಟಗೆರೆ ಸಮೀಪಿಸುತ್ತಿದ್ದಂತೆ ಬಂಡೆಗಳ ಬೆಟ್ಟಗಳು ಎರಡೂ ಕಡೆ ಏಳುತ್ತವೆ. ಅವುಗಳಲ್ಲಿ ಸಿದ್ಧರಬೆಟ್ಟ, ಕೋಟೆ ಹೊತ್ತ ಚನ್ನರಾಯನದುರ್ಗ ಸೇರಿವೆ. ನಡುವೆ ಸುವರ್ಣಮುಖಿ, ಜಯಮಂಗಲಿ ಹೊಳೆಗಳು. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ಈ ತಾಲ್ಲೂಕುಗಳನ್ನು ಹಾದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ವರ್ಷದ ಬಹುಪಾಲು ದಿನ ಅದರಲ್ಲಿ ಕಾಣುವುದು ಮರಳು. ಆದರೆ ಮರಳಿನ ಕೆಳಗೆ ನೀರಿರುತ್ತದೆ ಎಂಬುದು ಆ ಕಾಲದ ಒಕ್ಕಲಿಗನಿಗೆ ಗೊತ್ತಿತ್ತು. ಹೊಳೆಯ ಒಡಲಲ್ಲಿ ತಲಪರಿಗೆ ಎಂಬ ಒರತೆ ತೋಡಿ ಕಾಲುವೆಗೆ ನೀರು ಹರಿಸುವ ವಿದ್ಯೆ ಈ ಸೀಮೆಯದು. ಬಂಡಿಗಳು ಎಲ್ಲಿ ನಿಂತವು ಎಂದು ತಿಳಿಯಬೇಕಾದರೆ ನೀರು ಎಲ್ಲಿತ್ತು ಎಂದು ನೋಡಬೇಕು. ಕೋಟೆ ಬಂದದ್ದು ಆಮೇಲೆ.

ಹಾಗಾದರೆ ಆ ಮೂಲಮನೆಗಳು ಎಲ್ಲಿವೆ? ಹೋದವರೆಲ್ಲ ಕೇಳುವ ಪ್ರಶ್ನೆ ಇದು. ಉತ್ತರ ಸ್ವಲ್ಪ ನಿರಾಸೆಯದು. ಪಾಳೆಯಗಾರರ ಮನೆಗಳು ಕಲ್ಲಿನವಲ್ಲ. ಅವರು ದೇವರಿಗೆ ಕಲ್ಲಿನ ಗುಡಿ ಕಟ್ಟಿಸಿ ತಾವು ಮಣ್ಣಿನ ಮನೆಯಲ್ಲಿದ್ದರು. ಗೋಡೆಯ ಮಣ್ಣನ್ನು ಹುಲ್ಲಿನ ಜೊತೆ ಕಲಸಿ, ತುಳಿದು, ಹದಕ್ಕೆ ಬಂದ ಮೇಲೆ ಮೊಣಕಾಲೆತ್ತರದ ಒಂದು ವರಸೆ ಇಡುತ್ತಿದ್ದರು. ಅದು ಒಣಗಿದ ಮೇಲೆ ಇನ್ನೊಂದು ವರಸೆ. ಬುಡದಲ್ಲಿ ಅಗಲ, ಮೇಲೆ ಹೋದಂತೆ ಕಿರಿದು. ಮೇಲೆ ತೊಲೆ, ಜಂತೆ, ಅದರ ಮೇಲೆ ಸಣ್ಣ ಕಟ್ಟಿಗೆ, ಹೊಂಗೆ ಸೊಪ್ಪು, ಮಣ್ಣು, ಕೊನೆಗೆ ನೀರು ಇಳಿಯದಂತೆ ಚೌಳು ಮಣ್ಣಿನ ಹೊದಿಕೆ. ಇದು ಮಾಳಿಗೆ ಮನೆ. ಪಾವಗಡ, ಶಿರಾ ಕಡೆಯ ಹಳ್ಳಿಗಳಲ್ಲಿ ಈಗಲೂ ಅಲ್ಲೊಂದು ಇಲ್ಲೊಂದು ಉಳಿದಿದೆ. ಬೇಸಿಗೆಯ ಮಧ್ಯಾಹ್ನ ಅದರೊಳಗೆ ಕಾಲಿಟ್ಟವರಿಗೆ ಅದರ ತಂಪು ಗೊತ್ತು. ಗೌಡರ ಮನೆಯೂ ಇದೇ ಕಟ್ಟಡ, ಅಳತೆ ಮಾತ್ರ ದೊಡ್ಡದು. ನಡುವೆ ಆಕಾಶ ಕಾಣುವ ತೊಟ್ಟಿ, ಸುತ್ತ ಕಂಬಗಳ ಪಡಸಾಲೆ, ಒಂದು ಕಡೆ ದನದ ಕೊಟ್ಟಿಗೆ, ಇನ್ನೊಂದು ಕಡೆ ದೇವರ ಕೋಣೆ. ಸುತ್ತ ಮಣ್ಣಿನ ಕೋಟೆ, ಅಲ್ಲಲ್ಲಿ ಹುಡೇವು ಎಂಬ ಬುರುಜು, ಹೊರಗೆ ಕಂದಕ, ಕಂದಕದಾಚೆ ಕತ್ತಾಳೆ, ಕಳ್ಳಿಯ ಬೇಲಿ.

ಮನೆಯ ಮುಂದಿನ ಅಂಗಳದಲ್ಲಿ ಹಗೇವು. ನೆಲದೊಳಕ್ಕೆ ಹೂಜಿಯ ಆಕಾರದಲ್ಲಿ ತೋಡಿದ ಕಣಜ ಅದು. ಬಾಯಿ ಒಬ್ಬ ಇಳಿಯುವಷ್ಟು, ಒಡಲು ಬಂಡಿಗಟ್ಟಲೆ ರಾಗಿ ಹಿಡಿಯುವಷ್ಟು. ತುಂಬಿದ ಮೇಲೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ರಾಗಿ ವರ್ಷಗಟ್ಟಲೆ ಕೆಡುವುದಿಲ್ಲ. ತೆಗೆಯುವಾಗ ಒಂದಷ್ಟು ಹೊತ್ತು ಬಾಯಿ ತೆರೆದಿಟ್ಟು ಗಾಳಿಯಾಡಿದ ಮೇಲೆ ಇಳಿಯಬೇಕು. ಅವಸರ ಮಾಡಿ ಇಳಿದು ಉಸಿರುಗಟ್ಟಿ ಸತ್ತವರ ಕಥೆ ಬಯಲುಸೀಮೆಯ ಹಳ್ಳಿಗಳಲ್ಲಿ ಇದ್ದೇ ಇದೆ. ಎರಡು ಮೂರು ವರ್ಷಕ್ಕೊಮ್ಮೆ ಮಳೆ ಕೈಕೊಡುವ ನಾಡಿನಲ್ಲಿ ಯಾರ ಹಗೇವು ತುಂಬಿದೆಯೋ ಅವನ ಮಾತನ್ನು ಊರು ಕೇಳುತ್ತದೆ. ಪಾಳೆಯಗಾರನ ಅಧಿಕಾರದ ಬೇರು ಕತ್ತಿಯಲ್ಲಿ ಎಷ್ಟಿತ್ತೋ ಹಗೇವಿನಲ್ಲೂ ಅಷ್ಟೇ ಇತ್ತು ಎಂದು ನನಗೆ ತೋರುತ್ತದೆ.

ಈ ಮನೆಗಳು ಬಿದ್ದ ಬಗೆಯನ್ನೂ ಹೇಳಬೇಕು. ಮಳೆಯಷ್ಟೇ ಬೀಳಿಸಿದ್ದಲ್ಲ. ಬಯಲುಸೀಮೆಯ ರೈತನಿಗೆ ಹಾಳುಮಣ್ಣು ಎಂದರೆ ಗೊಬ್ಬರ. ಜನ, ದನ ಇದ್ದು ಬಿಟ್ಟ ಜಾಗದ ಮಣ್ಣಿನಲ್ಲಿ ಸತ್ವ ಇರುತ್ತದೆಂದು ಹಳೆಯ ಗೋಡೆ, ಹಳೆಯ ದಿಬ್ಬಗಳನ್ನು ಅಗೆದು ಹೊಲಕ್ಕೆ ಹೊಡೆಯುವುದು ಹಿಂದಿನಿಂದ ಬಂದದ್ದು. ಈ ಸೀಮೆಯ ಹಳ್ಳಿಯೊಂದರಲ್ಲಿ ಕೋಟೆ ಎಲ್ಲಜ್ಜ ಎಂದು ವಿಚಾರಿಸಿದಾಗ ಜಗುಲಿ ಮೇಲೆ ಕುಳಿತಿದ್ದ ಹಿರಿಯರು ಕೈಯನ್ನು ಹೊಲಗಳ ಕಡೆ ತೋರಿಸಿದರು. ‘ಕ್ವಾಟೆ ಅಗಾ, ಅಲ್ಲೈತೆ ನೋಡಪ್ಪ. ನಮ್ಮಪ್ಪನ ಕಾಲ್ದಾಗೆ ಗಾಡಿಗಟ್ಲೆ ಹೊಡುದ್ರು. ಆ ಹೊಲ್ದಾಗೆ ರಾಗಿ ಚೆನ್ನಾಗಿ ಬರ್ತದೆ’ ಎಂದರು. ಅವರ ಮಾತಿನಲ್ಲಿ ತಪ್ಪು ಮಾಡಿದ ಭಾವ ಇರಲಿಲ್ಲ, ಇರಬೇಕಾಗಿಯೂ ಇಲ್ಲ. ಆ ಗೋಡೆಯಲ್ಲಿ ಇತಿಹಾಸ ಇದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಶಾಲೆಯ ಪುಸ್ತಕದಲ್ಲಿ ಶ್ರೀರಂಗಪಟ್ಟಣ ಇತ್ತು, ಹಂಪಿ ಇತ್ತು. ತಮ್ಮೂರಿನ ಗೌಡ ಇರಲಿಲ್ಲ.

ಮಧುಗಿರಿಗೆ ಬಂದರೆ ಕಥೆ ಬೇರೆ ಎತ್ತರಕ್ಕೆ ಏರುತ್ತದೆ. ಸಮುದ್ರಮಟ್ಟದಿಂದ 1,193 ಮೀಟರ್ ಎತ್ತರಕ್ಕೆ ಏಳುವ ಒಂದೇ ಬಂಡೆ. ಏಷ್ಯಾದ ಎರಡನೆಯ ದೊಡ್ಡ ಏಕಶಿಲಾ ಬೆಟ್ಟವೆಂದು ಊರವರು ಹೆಮ್ಮೆಯಿಂದ ಹೇಳುತ್ತಾರೆ. ಇಲ್ಲಿನ ಮೂಲಪುರುಷ ರಾಜ ಹಿರೇಗೌಡ. ಇವನದು ಈ ನೆಲದ್ದೇ ಮನೆತನ, ಸಮೀಪದ ಬಿಜ್ಜವರದ ನಂಟಿನದು. ಕುರಿಮಂದೆಯಿಂದ ತಪ್ಪಿಸಿಕೊಂಡ ಕುರಿಯೊಂದು ಬೆಟ್ಟದ ಮೇಲಿಂದ ಮೈಯೆಲ್ಲ ತೊಯ್ಯಿಸಿಕೊಂಡು ಇಳಿದು ಬಂತಂತೆ. ಬೋಳುಬಂಡೆಯ ಮೇಲೆ ನೀರೆಲ್ಲಿಂದ ಬಂತು ಎಂದು ಹುಡುಕಿ ಹೋದವರಿಗೆ ಊಟೆ ಸಿಕ್ಕಿತು. ನೀರಿದ್ದ ಮೇಲೆ ಕೋಟೆ ಕಟ್ಟಬಹುದು. ಹಿರೇಗೌಡ ಮಧುಗಿರಿಯಲ್ಲೂ ಚನ್ನರಾಯನದುರ್ಗದಲ್ಲೂ ಮಣ್ಣಿನ ಕೋಟೆ ಕಟ್ಟಿದ. ಇಲ್ಲಿಯೂ ಮೊದಲು ನೀರು, ಆಮೇಲೆ ಕೋಟೆ. ಮುತ್ತಿಗೆ ಎಂದರೆ ತಿಂಗಳುಗಟ್ಟಲೆ ಒಳಗೆ ಬದುಕುವುದು. ಅದಕ್ಕೆ ಬೇಕಾದದ್ದು ದೊಣೆಯ ನೀರು ಮತ್ತು ಕಣಜದ ರಾಗಿ. ಬೆಟ್ಟ ಹತ್ತುವಾಗ ಇವೆರಡನ್ನೂ ನೋಡದೆ ಬರೀ ಬುರುಜು ನೋಡಿ ಇಳಿದವರು ಅರ್ಧ ಮಧುಗಿರಿಯನ್ನಷ್ಟೇ ನೋಡಿದಂತೆ.

ಆ ನೀರು, ಆ ರಾಗಿ ಪರೀಕ್ಷೆಗೆ ಒಳಗಾದದ್ದು ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ. ಅವರ ದಳವಾಯಿ ದೇವರಾಜ ಮಧುಗಿರಿಗೆ ಮುತ್ತಿಗೆ ಹಾಕಿದಾಗ ಕೋಟೆಯಲ್ಲಿದ್ದವರು ರಾಮಗೌಡ ಮತ್ತು ತಿಮ್ಮಗೌಡ. ಇಬ್ಬರೂ ಸೇರಿ ಆಳುತ್ತಿದ್ದರು. ಕೋಟೆ ಸುಲಭಕ್ಕೆ ಬೀಳಲಿಲ್ಲ, ಮುತ್ತಿಗೆ ವರ್ಷಕಾಲ ಎಳೆಯಿತು. 1678ರಲ್ಲಿ ಮಧುಗಿರಿ ಮೈಸೂರಿನ ವಶವಾಯಿತು. ಬಿಜ್ಜವರ, ಮಿಡಿಗೇಶಿ, ಚನ್ನರಾಯನದುರ್ಗಗಳೂ ಅದರ ಜೊತೆಗೆ ಹೋದವು. ಗೌಡರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದರು. ಆಮೇಲೆ ಬಿಡುಗಡೆ ಮಾಡಿ, ಪೊಗದಿ ಕೊಡುವ ಷರತ್ತಿನ ಮೇಲೆ ಮಿಡಿಗೇಶಿಯನ್ನು ಬಿಟ್ಟುಕೊಟ್ಟರು. ಬೆಟ್ಟದ ಒಡೆಯರಾಗಿದ್ದವರು ಪಕ್ಕದ ಬೆಟ್ಟದಿಂದ ತಮ್ಮ ಬೆಟ್ಟವನ್ನು ನೋಡುತ್ತ ಕಪ್ಪ ಕಟ್ಟಬೇಕಾಯಿತು. ಮಧುಗಿರಿಯಿಂದ ಪಾವಗಡದ ದಾರಿ ಹಿಡಿದವರಿಗೆ ಮಿಡಿಗೇಶಿಯ ಬೆಟ್ಟ ಸಿಗುತ್ತದೆ. ಅಲ್ಲಿ ನಿಂತು ಹಿಂದಕ್ಕೆ ನೋಡಿದರೆ ಆ ಸೋಲಿನ ತೂಕ ತಿಳಿಯುತ್ತದೆ.

ಈಗ ನಾವು ಹತ್ತುವ ಕಲ್ಲುಕೋಟೆ ಗೌಡರದಲ್ಲ. ಗೌಡರ ಕೋಟೆಯನ್ನು ವಿಸ್ತರಿಸಿ ಬಲಪಡಿಸಿದವನು ಹೈದರ್ ಅಲಿ. ಅಂತರಾಳದ ಬಾಗಿಲು, ದಿಡ್ಡಿಬಾಗಿಲು, ಮೈಸೂರು ಬಾಗಿಲುಗಳನ್ನು ದಾಟಿ ಮೇಲೇರುವಾಗ ಎದುರಾಗುವ ಗೋಡೆಗಳಲ್ಲಿ ಕಲ್ಲು ಕಲ್ಲಿಗೆ ಕೂತಿರುವ ಬಗೆಯನ್ನು ಕೈಯಾಡಿಸಿ ನೋಡಬೇಕು. ಸ್ವಲ್ಪ ಮೇಲೆ ಹೋದರೆ ಗೋಡೆಯೂ ಇಲ್ಲ, ಮೆಟ್ಟಿಲೂ ಇಲ್ಲ. ಇಳಿಜಾರು ಬಂಡೆಯಲ್ಲಿ ಪಾದದಷ್ಟಗಲ ಕೊರೆದ ಗುರುತುಗಳು, ಹಿಡಿಯಲು ಕಬ್ಬಿಣದ ಕಂಬಿ. ಕಂಬಿ ಈಚಿನದು. ಕಂಬಿಯಿಲ್ಲದ ಕಾಲದಲ್ಲಿ ತಲೆಯ ಮೇಲೆ ರಾಗಿಮೂಟೆ ಹೊತ್ತು ಇದನ್ನು ಹತ್ತಿದ ಆಳುಗಳ ಹೆಸರು ಯಾವ ಶಾಸನದಲ್ಲೂ ಇಲ್ಲ. ಬೆಂಗಳೂರಿನಲ್ಲಿ ಕೆಂಪೇಗೌಡನ ಮಣ್ಣಿನ ಕೋಟೆಯನ್ನು 1761ರಲ್ಲಿ ಕಲ್ಲಿನಲ್ಲಿ ಕಟ್ಟಿಸಿದವನೂ ಹೈದರ್. ದೇವನಹಳ್ಳಿಯಲ್ಲಿ ಮಲ್ಲಭೈರೇಗೌಡನ ಮಣ್ಣಿನ ಕೋಟೆಯ ಮೇಲೆ ಬಂದ ಕಲ್ಲೂ ಅದೇ ಕಾಲದ್ದು. ಫಿರಂಗಿಯ ಯುಗಕ್ಕೆ ಅದು ಬೇಕಾಗಿತ್ತು, ಹೈದರನ ಎಂಜಿನಿಯರಿಂಗ್ ಬಲವಾದದ್ದೇ. ಆದರೆ ಪ್ರವಾಸಿಗೆ ಕಲ್ಲು ಮಾತ್ರ ಕಾಣುತ್ತದೆ. ಜಾಗ ಆರಿಸಿದವನು, ನೀರು ಕಂಡವನು, ಮೊದಲ ಗೋಡೆ ಎತ್ತಿದವನು ಕಲ್ಲಿನ ಹಿಂದೆ ಮರೆಯಾಗುತ್ತಾನೆ.

ಹೈದರನ ಮಧುಗಿರಿ ಸೆರೆಮನೆಯೂ ಆಯಿತು. 1763ರಲ್ಲಿ ಬಿದನೂರು ಗೆದ್ದ ಮೇಲೆ ಕೆಳದಿಯ ರಾಣಿ ವೀರಮ್ಮಾಜಿಯನ್ನೂ ಅವಳ ದತ್ತುಪುತ್ರನನ್ನೂ ಇಲ್ಲಿಗೆ ತಂದಿಟ್ಟರು. ಮಲೆನಾಡಿನ ಮಳೆ, ಅಡಿಕೆತೋಟ, ಹೊಳೆಗಳ ನಡುವೆ ಬೆಳೆದ ಹೆಂಗಸು ಈ ಬೋಳುಬಂಡೆಯ ಮೇಲೆ ನಾಲ್ಕು ಬೇಸಿಗೆಗಳನ್ನು ಕಳೆದಿರಬೇಕು. 1767ರಲ್ಲಿ ಪೇಶ್ವೆ ಮಾಧವರಾಯ ಮಧುಗಿರಿ ಗೆದ್ದು ಅವರನ್ನು ಬಿಡಿಸಿದ. ಪುಣೆಗೆ ಹೋಗುವ ದಾರಿಯಲ್ಲೇ ರಾಣಿ ತೀರಿಕೊಂಡಳು. ಮಧುಗಿರಿಯನ್ನು 1774ರಲ್ಲಿ ಟಿಪ್ಪು ಮರಳಿ ಗೆದ್ದ. ಬೆಟ್ಟದ ಬುಡದಲ್ಲಿ ಅಕ್ಕಪಕ್ಕ ನಿಂತಿರುವ ವೆಂಕಟರಮಣ ಮತ್ತು ಮಲ್ಲೇಶ್ವರ ದೇವಾಲಯಗಳು, ಊರಿನ ಜೈನ ಬಸದಿ ಈ ಎಲ್ಲ ದಂಡುಗಳನ್ನೂ ಕಂಡವು. ಒಂದೇ ಊರಿನಲ್ಲಿ ಹರಿ, ಹರ, ಜಿನ ಮೂವರೂ ನೆಲೆಯಾಗಿರುವುದು ನಾಡಪ್ರಭುಗಳ ಕಾಲದ ಬದುಕಿನ ಬಗ್ಗೆ ಯುದ್ಧದ ವರದಿಗಳಿಗಿಂತ ಹೆಚ್ಚು ಹೇಳುತ್ತದೆ.

ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಬ್ರಿಟಿಷ್ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ ದೊಡ್ಡಬಳ್ಳಾಪುರದಿಂದ ಮಧುಗಿರಿ ಮೇಲೆ ಹಾದು ಶಿರಾಕ್ಕೆ ಹೋದರು. ಅವರ ದಿನಚರಿಯಲ್ಲಿ ಕೋಟೆಗಿಂತ ಹೆಚ್ಚು ಜಾಗ ಸಿಕ್ಕಿರುವುದು ಕುಲುಮೆಗೆ. ಮಳೆ ಬಂದಾಗ ಬೆಟ್ಟದ ಹಳ್ಳಗಳಲ್ಲಿ ಹರಿದು ಬರುವ ಕರಿಮರಳನ್ನು ತೊಳೆದು ಶೋಧಿಸಿ, ಇದ್ದಿಲಿನಲ್ಲಿ ಕರಗಿಸಿ ಕಬ್ಬಿಣ ತೆಗೆಯುವುದನ್ನು, ಅದನ್ನು ಉಕ್ಕು ಮಾಡುವುದನ್ನು ಅವರು ವಿವರವಾಗಿ ಬರೆದಿದ್ದಾರೆ. ನೇಗಿಲ ಗುಳ, ಬಂಡಿಯ ಗಾಲಿಪಟ್ಟಿ, ಕತ್ತಿ ಎಲ್ಲವೂ ಈ ಹಳ್ಳದ ಮರಳಿನಿಂದಲೇ ಬಂದವು. ಪಾಳೆಯಗಾರನ ದಂಡಿನ ಹಿಂದೆ ಒಂದು ಕುಲುಮೆ, ಒಂದು ಕುರಿಮಂದೆ, ಒಂದು ಕೆರೆ ಇರುತ್ತಿದ್ದವು ಎಂಬುದನ್ನು ಈ ಪುಟಗಳು ಮನದಟ್ಟು ಮಾಡಿಸುತ್ತವೆ.

ಶಿರಾದ ಕಥೆಯಲ್ಲಿ ಮನೆ ಕಟ್ಟಿದವನಿಗೆ ಮನೆಯಲ್ಲಿ ಇರುವ ಭಾಗ್ಯ ಸಿಗಲಿಲ್ಲ. ರತ್ನಗಿರಿಯ ನಾಯಕ ರಂಗಪ್ಪನಾಯಕ ಶಿರಾದ ಕೋಟೆಗೂ ಪೇಟೆಗೂ ಅಡಿಪಾಯ ಹಾಕಿದ. ರತ್ನಗಿರಿ ಈಗ ಗಡಿಯಾಚೆ, ಆಂಧ್ರದ ಮಡಕಶಿರಾ ಸೀಮೆಯಲ್ಲಿದೆ. ಅಲ್ಲಿನ ಹಳ್ಳಿಗಳಲ್ಲಿ ಇವತ್ತಿಗೂ ಕನ್ನಡ ಮನೆಮಾತು. ನೊಳಂಬರ ರಾಜಧಾನಿ ಹೇಮಾವತಿಯೂ ಆ ಮಗ್ಗುಲಲ್ಲೇ ಇದೆ. ರಂಗಪ್ಪನಾಯಕನ ಕೋಟೆ ಪೂರ್ತಿಯಾಗುವ ಮೊದಲೇ, 1638ರಲ್ಲಿ, ಬಿಜಾಪುರದ ಸೇನಾನಿ ರಣದುಲ್ಲಾ ಖಾನ್ ಶಿರಾವನ್ನು ಗೆದ್ದುಕೊಂಡ. ಬೆಂಗಳೂರು, ಹೊಸಕೋಟೆ, ಕೋಲಾರ, ದೊಡ್ಡಬಳ್ಳಾಪುರಗಳ ಜೊತೆ ಶಿರಾ ಕೂಡ ಶಿವಾಜಿಯ ತಂದೆ ಶಹಾಜಿಯ ಜಹಗೀರಿಗೆ ಸೇರಿತು. ಬಿಜಾಪುರದ ಕಾಲದ ಅಧಿಕಾರಿ ಮಲಿಕ್ ರಿಹಾನನ ಗೋರಿ ಶಿರಾದಲ್ಲಿದೆ. ಅವನು ತೀರಿಕೊಂಡದ್ದು 1651ರಲ್ಲಿ.

1687ರಲ್ಲಿ ಔರಂಗಜೇಬನ ದಂಡು ಬಂತು. ಕಾಸಿಂ ಖಾನ್ ಮೊದಲ ಮೊಗಲ್ ಅಧಿಕಾರಿಯಾಗಿ ಶಿರಾವನ್ನು ಹೊಸ ಸುಬಾದ ರಾಜಧಾನಿ ಮಾಡಿದ. ಬಸವಾಪಟ್ಟಣ, ಬೂದಿಹಾಳು, ಶಿರಾ, ಪೆನುಕೊಂಡ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ ಎಂಬ ಏಳು ಪರಗಣೆಗಳು ನೇರ ಆಡಳಿತಕ್ಕೆ. ಚಿತ್ರದುರ್ಗ, ಬಿದನೂರು, ಕೊನೆಗೆ ಮೈಸೂರು ಕೂಡ ಇಲ್ಲಿಗೆ ಕಪ್ಪ ಕೊಡುವ ಸಂಸ್ಥಾನಗಳ ಪಟ್ಟಿಯಲ್ಲಿದ್ದವು. ಇಂದಿನ ಶಿರಾ ಬಸ್ ನಿಲ್ದಾಣದಲ್ಲಿ ನಿಂತವರಿಗೆ ಇದನ್ನು ನಂಬುವುದು ಕಷ್ಟ. ಕಾಸಿಂ ಖಾನನ ಕೊನೆಯೂ ಒಂದು ಕೋಟೆಯಲ್ಲೇ ಆಯಿತು. 1695ರಲ್ಲಿ ಮರಾಠರ ಸಂತಾಜಿ ಘೋರ್ಪಡೆ ಅವನನ್ನು ದೊಡ್ಡೇರಿಯ ಸಣ್ಣ ಕೋಟೆಯೊಳಗೆ ಕೂಡಿಹಾಕಿ, ಅನ್ನ ನೀರು ಸಿಗದಂತೆ ಮಾಡಿದ. ಅಲ್ಲಿಂದ ಅವನು ಜೀವಂತ ಹೊರಬರಲಿಲ್ಲ. ಶಿರಾದಲ್ಲಿ ಜುಮ್ಮಾ ಮಸೀದಿಯ ಕಲ್ಲುಕಟ್ಟಡ ಎದ್ದದ್ದು ಅದರ ಮರುವರ್ಷ, 1696ರಲ್ಲಿ.

ಆ ಊರು ತನ್ನ ಶಿಖರ ಮುಟ್ಟಿದ್ದು ದಿಲಾವರ್ ಖಾನನ ಆಡಳಿತದಲ್ಲಿ. ಆಗ ಅಲ್ಲಿ 50,000 ಮನೆಗಳಿದ್ದವೆಂದು ಹಳೆಯ ಗೆಜೆಟಿಯರ್ ಹೇಳುತ್ತದೆ. ಅವನ ಅರಮನೆಯ ಸೊಬಗು ಎಷ್ಟಿತ್ತೆಂದರೆ ಬೆಂಗಳೂರು ಮತ್ತು ಶ್ರೀರಂಗಪಟ್ಟಣದ ಅರಮನೆಗಳನ್ನು ಅದರ ಮಾದರಿಯಲ್ಲೇ ಕಟ್ಟಿಸಿದರು ಎನ್ನುತ್ತಾರೆ. ಹೈದರನಿಗೆ ಲಾಲ್‌ಬಾಗ್ ಕಲ್ಪನೆ ಹೊಳೆದದ್ದು ಶಿರಾದ ಖಾನ್ ಬಾಗ್ ನೋಡಿದ ಮೇಲೆ ಎಂಬ ಮಾತೂ ಇದೆ. 1761ರಲ್ಲಿ ಹೈದರಾಬಾದ್ ನಿಜಾಮನ ಸೋದರ ಬಸಾಲತ್ ಜಂಗ್ ಜೊತೆಗೂಡಿ ಶಿರಾ ಹಿಡಿದ ಹೈದರ್ ‘ಶಿರಾದ ನವಾಬ’ ಎನಿಸಿಕೊಂಡ. ಆಮೇಲೆ ಊರು ಮರಾಠರ ಕೈಗೆ ಹೋಗಿ 1774ರಲ್ಲಿ ಟಿಪ್ಪುವಿನಿಂದ ಮರಳಿ ಬಂತು. ಅಷ್ಟರಲ್ಲಿ ಊರು ಸೊರಗಿತ್ತು. ಶ್ರೀರಂಗಪಟ್ಟಣದ ಪಕ್ಕ ಗಂಜಾಂ ಪೇಟೆ ಕಟ್ಟಲು ಶಿರಾದಿಂದ 12,000 ಕುಟುಂಬಗಳನ್ನು ಬಲವಂತವಾಗಿ ಎಬ್ಬಿಸಿಕೊಂಡು ಹೋದದ್ದು ಅದರ ಬೆನ್ನುಮೂಳೆ ಮುರಿಯಿತು. ಆ ದಿನಗಳ ದಾರಿಯನ್ನು ನೆನೆಯಿರಿ. ನೇಕಾರರು, ವ್ಯಾಪಾರಿಗಳು, ಕುಶಲಕರ್ಮಿಗಳು, ಮತ್ತೆ ಬಂಡಿಗಳಲ್ಲಿ ಹೆಂಗಸರು ಮಕ್ಕಳು. ಆವತಿಗೆ ಬಂದ ಬಂಡಿಗಳು ತಮ್ಮದೇ ನಿರ್ಧಾರದಿಂದ ಹೊರಟು ಊರುಗಳನ್ನು ಹುಟ್ಟಿಸಿದವು, ಶಿರಾದ ಬಂಡಿಗಳು ಅಪ್ಪಣೆಯಿಂದ ಹೊರಟು ಒಂದು ಊರನ್ನು ಬರಿದು ಮಾಡಿದವು. ದಿಲಾವರ್ ಖಾನನ ಅರಮನೆ ಇಂದು ಇಲ್ಲ. ರಂಗಪ್ಪನಾಯಕ ಆರಂಭಿಸಿದ ಕೋಟೆಯ ಕಂದಕ, ಗೋಡೆಗಳ ಉಳಿಕೆ, ಗೋರಿ, ಮಸೀದಿ ಇವೆ.

ಪಾವಗಡದ್ದು ಕೊಂಚ ಒರಟು ಕಥೆ. ಅದನ್ನು ಕಟ್ಟಿದ ಬಾಲಪ್ಪನಾಯಕ ಪೆನುಕೊಂಡದ ಪ್ರಭಾವವಲಯದ ಪಾಳೆಯಗಾರ. ನಾಯಕರ ಆಳ್ವಿಕೆ ಹೈದರ್ ಅಲಿ ಬೆಟ್ಟವನ್ನು ವಶಪಡಿಸಿಕೊಳ್ಳುವವರೆಗೆ ನಡೆಯಿತು. ಅದಕ್ಕೂ ಬಹಳ ಹಿಂದೆ ಹತ್ತಿರದ ನಿಡುಗಲ್ಲು ದುರ್ಗದಿಂದ ಇರುಂಗೋಳನ ವಂಶದ ನಿಡುಗಲ್ಲು ಚೋಳರು ಈ ಸೀಮೆ ಆಳಿ, ಹೊಯ್ಸಳರಿಗೆ ತಲೆನೋವಾಗಿದ್ದರು. ನಕ್ಷೆ ನೋಡಿದರೆ ಪಾವಗಡ ತಾಲ್ಲೂಕನ್ನು ಆಂಧ್ರ ಬಹುಪಾಲು ಸುತ್ತುವರಿದಿದೆ. ಮಾತಿನಲ್ಲಿ ಕನ್ನಡ, ತೆಲುಗು ಎರಡೂ ಬೆರೆತಿವೆ. ನೀರಿನ ಬವಣೆ ಮಾತ್ರ ಬಾಲಪ್ಪನಾಯಕನ ಕಾಲಕ್ಕಿಂತ ಹೆಚ್ಚಾಗಿದೆ. ಕೆರೆಗಳು ಹೂಳಿನಲ್ಲಿ, ಕೊಳವೆಬಾವಿಗಳು ಪಾತಾಳದಲ್ಲಿ, ಸಿಕ್ಕ ನೀರಿನಲ್ಲಿ ಫ್ಲೋರೈಡ್. ಹಳೆಯ ನಾಯಕರು ಎಂದೂ ಎಣಿಸದ ಬಿಸಿಲೇ ಈಗ ಇಲ್ಲಿನ ಬೆಳೆ. ತಿರುಮಣಿ ಸುತ್ತಲಿನ ಹಳ್ಳಿಗಳಲ್ಲಿ ಸುಮಾರು 13,000 ಎಕರೆಯಲ್ಲಿ ಹರಡಿರುವ 2,050 ಮೆಗಾವಾಟಿನ ಸೌರ ವಿದ್ಯುತ್ ಪಾರ್ಕಿಗೆ ರೈತರು ಜಮೀನನ್ನು ಗುತ್ತಿಗೆಗೆ ಕೊಟ್ಟಿದ್ದಾರೆ. 2018ರಲ್ಲಿ ಉದ್ಘಾಟನೆಯಾದ ಆ ಪಾರ್ಕಿನ ಫಲಕಗಳ ಸಾಲುಗಳ ನಡುವೆ ನಿಂತರೆ ಹೊಲ, ಬದು, ಮರಗಳ ಗುರುತು ಸಿಗುವುದಿಲ್ಲ. ಮುಂದಿನ ತಲೆಮಾರಿಗೆ ಈ ಊರುಗಳ ಮೂಲವನ್ನು ಹೇಳುವ ಕೆಲಸ ಇನ್ನೂ ಕಷ್ಟವಾಗಲಿದೆ.

ಪಾಳೆಯಗಾರರನ್ನು ದೇವರಾಗಿ ಕೂರಿಸಬೇಕೆಂದು ನಾನು ಹೇಳುತ್ತಿಲ್ಲ. ಅವರಲ್ಲಿ ಊರು ಸುಲಿದವರಿದ್ದರು, ದಾಯಾದಿಯ ಮೇಲೆ ದಂಡೆತ್ತಿ ಹೋದವರಿದ್ದರು. ಅವರ ಬಿಟ್ಟಿಕೆಲಸದ ಭಾರವನ್ನು ಬಡವರ ಬೆನ್ನು ಹೊತ್ತಿತು. ಆದರೂ ಮಳೆಯನ್ನು ನಂಬಲಾಗದ ಈ ಸೀಮೆಯಲ್ಲಿ ಕೆರೆ, ಪೇಟೆ, ಸಂತೆ, ಗುಡಿಗಳಿರುವ ಊರುಗಳನ್ನು ನಿಲ್ಲಿಸಿದವರು ಅವರು ಮತ್ತು ಅವರ ಜೊತೆಗೆ ಬಂದ ಒಕ್ಕಲುಗಳು. ಗೆದ್ದವರ ಕಥೆಯನ್ನು ನಾವು ಚೆನ್ನಾಗಿ ಬರೆದುಕೊಂಡಿದ್ದೇವೆ. ನೆಲೆ ನಿಂತವರ ಕಥೆಯನ್ನು ಬರೆದಿಲ್ಲ.

ದೇವನಹಳ್ಳಿ ತಾಲ್ಲೂಕಿನ ವಿಮಾನ ನಿಲ್ದಾಣದ ಮುಂದೆ 2022ರ ನವೆಂಬರಿನಲ್ಲಿ ಕೆಂಪೇಗೌಡನ 108 ಅಡಿಯ ಕಂಚಿನ ಪ್ರತಿಮೆ ಅನಾವರಣವಾಯಿತು. ಅದು ಸಲ್ಲಬೇಕಾದ ಗೌರವವೇ. ಆ ಪ್ರತಿಮೆಯಿಂದ ಆವತಿ ಕೆಲವೇ ಮೈಲಿ. ಕೊರಟಗೆರೆ, ಹೊಳವನಹಳ್ಳಿಗಳು ಒಂದು ಬೆಳಗಿನ ಪ್ರಯಾಣ. ಒಂದೇ ಬಂಡಿಸಾಲಿನ ಮಕ್ಕಳಲ್ಲಿ ಒಬ್ಬನಿಗೆ ಕಂಚು, ಉಳಿದವರಿಗೆ ಹಾಳುಮಣ್ಣು ಎಂಬುದು ನ್ಯಾಯವಲ್ಲ. ಇದನ್ನು ಸರಿಪಡಿಸಲು ಕೋಟಿಗಟ್ಟಲೆ ಹಣವೇನೂ ಬೇಡ. ಉಳಿದಿರುವ ಮಣ್ಣಿನ ಕೋಟೆ, ಹುಡೇವು, ಹಗೇವು, ತೊಟ್ಟಿಮನೆಗಳನ್ನು ಹೋಬಳಿವಾರು ಗುರುತಿಸಿ ಅಳತೆ ಮಾಡಿ ಚಿತ್ರ ತೆಗೆದಿಡಬೇಕು. ಆ ಜಾಗಗಳಲ್ಲಿ ಮಣ್ಣು ಅಗೆಯದಂತೆ ಗ್ರಾಮ ಪಂಚಾಯಿತಿಗಳು ನಿರ್ಣಯ ಮಾಡಬೇಕು. ಊರುಬಾಗಿಲಲ್ಲಿ ಒಂದು ಕನ್ನಡ ಫಲಕ ಹಾಕಬೇಕು. ಮಧುಗಿರಿ ಬೆಟ್ಟ ಹತ್ತಲು ವಾರಾಂತ್ಯಕ್ಕೆ ಬರುವ ನೂರಾರು ಯುವಕರು ಕೆಳಗಿಳಿದ ಮೇಲೆ ಅರ್ಧ ದಿನವನ್ನು ಸುತ್ತಲಿನ ಹಳ್ಳಿಗಳಿಗೆ ಕೊಡಲಿ. ನಿಮ್ಮ ಊರಿನಲ್ಲಿ ಇಂಥ ಗೋಡೆಯೊಂದು ನಿಂತಿದ್ದರೆ, ಈ ಮಳೆಗಾಲ ಬರುವ ಮೊದಲೇ ಅದರ ಮುಂದೆ ಹಿರಿಯರೊಬ್ಬರನ್ನು ನಿಲ್ಲಿಸಿ ಫೋಟೋ ತೆಗೆಯಿರಿ. ಅವರು ಹೇಳುವ ಕಥೆಯನ್ನು ಅವರ ಮಾತಿನಲ್ಲೇ ಬರೆದಿಡಿ. ಮಣ್ಣಿನ ಗೋಡೆ ಒಮ್ಮೆ ಕುಸಿದರೆ ಕಲ್ಲಿನಂತೆ ಎತ್ತಿ ಜೋಡಿಸಲು ಬರುವುದಿಲ್ಲ.